ಲಾಟೀನು ಹಿಡಿದವನ ಹೆಸರು

ನಲವತ್ತನಾಲ್ಕನೇ ವಯಸ್ಸಿನಲ್ಲಿ ನಾನು ಇಂಗ್ಲಿಷ್ ಎಂ.ಎ.ಗೆ ಸೇರಿದಾಗ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಪೂರ್ತಿ ಮಾಡುತ್ತೇನೆಂದು ಯಾರೂ ನಂಬಲೂ ಇಲ್ಲ. ಅರ್ಜಿಗೆ ಅಂಟಿಸುವ ಫೋಟೊ ತೆಗೆಸಲು ನನ್ನ ಗಂಡ ಬೈಕಿನಲ್ಲಿ ಪಿರಿಯಾಪಟ್ಟಣಕ್ಕೆ ಕರೆದುಕೊಂಡು ಹೋದರು. ದಾರಿಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದರು. "ಸೊಪ್ಪು ಮುರಿಯೋ ಟೈಮಲ್ಲಿ ಪರೀಕ್ಷೆ ಬರಲ್ಲ ತಾನೆ?"

ನನಗೆ ಗೊತ್ತಿರಲಿಲ್ಲ. ಬರಲ್ಲ ಅಂದೆ.

ನಮ್ಮದು ರಾವಂದೂರಿನ ಹತ್ತಿರದ ಹಳ್ಳಿ. ಇಲ್ಲಿ ಸೊಪ್ಪು ಅಂದರೆ ಹೊಗೆಸೊಪ್ಪು. ಅಡುಗೆಯ ಸೊಪ್ಪನ್ನು ಅದರ ಹೆಸರು ಹಿಡಿದೇ ಹೇಳಬೇಕು. ನಾನು ಹುಟ್ಟಿದ್ದು ಮಿರ್ಲೆಯಲ್ಲಿ, ನಾಲೆ ನೀರಿನ ಗದ್ದೆಗಳ ನಡುವೆ. ಕೆ.ಆರ್. ನಗರದಲ್ಲಿ ಬಿ.ಎ. ಮುಗಿಸಿ ಈ ಬೆದ್ದಲು ಸೀಮೆಗೆ ಸೊಸೆಯಾಗಿ ಬಂದಾಗ, ಎಲೆಯನ್ನು ಬೆಳೆದು ಅದನ್ನು ಒಂದು ಎತ್ತರದ ಮನೆಯೊಳಗೆ ನೇತುಹಾಕಿ ಬೇಯಿಸುತ್ತಾರೆ ಎಂಬುದೇ ನನಗೆ ವಿಚಿತ್ರವಾಗಿ ಕಂಡಿತ್ತು. ಆ ಮನೆಗೆ ಬ್ಯಾರನ್ ಅನ್ನುತ್ತಾರೆ. ಇಪ್ಪತ್ತೆರಡು ವರ್ಷಗಳಲ್ಲಿ ನಾನೂ ಅದರ ಕಾವಿಗೆ ಒಗ್ಗಿಹೋದೆ. ಓದಿದ ಇಂಗ್ಲಿಷ್ ಮಾತ್ರ ಮೆಲ್ಲಗೆ ಜಾರುತ್ತಾ ಹೋಯಿತು. ಮಗಳು ಪಿ.ಯು.ಸಿ. ಸೇರಿದ ವರ್ಷ ಇಂಗ್ಲಿಷ್ ಪಾಠದ ಒಂದು ಸಾಲಿಗೆ ಅರ್ಥ ಕೇಳಿದಳು. "ಸಾರಿಗೆ ಒಗ್ಗರಣೆ ಹಾಕಿ ಬಂದು ಹೇಳ್ತೀನಿ" ಎಂದು ಅಡುಗೆಮನೆಗೆ ಹೋಗಿ ಫೋನಿನಲ್ಲಿ ಹುಡುಕುತ್ತಿದ್ದೆ. ಅವಳು ಹಿಂದೆಯೇ ಬಂದು ನಿಂತಿದ್ದಳು. ನಕ್ಕಳು ಅಷ್ಟೆ. ನಾನು ಎಂ.ಎ.ಗೆ ಸೇರಿದ್ದು ಆ ನಗುವಿಗೆ.

ಮನೆಯಲ್ಲೇ ಓದಿ, ತಿಂಗಳಿಗೆ ಎರಡು ಭಾನುವಾರ ಮೈಸೂರಿಗೆ ಹೋಗಿ ಪಾಠ ಕೇಳುವ ಕೋರ್ಸು ಅದು. ಹುಣಸೂರಿನ ಮೇಲೆ ಹೋಗುವ ಬಸ್ಸಿನಲ್ಲಿ ಸೀಟು ಸಿಕ್ಕಿದರೆ ಓದುವುದು, ಸಿಗದಿದ್ದರೆ ಕಂಬಿ ಹಿಡಿದು ಓದಿದ್ದನ್ನು ನೆನಪಿಸಿಕೊಳ್ಳುವುದು. ಎರಡನೇ ವರ್ಷ ಒಂದು ಕಿರುಪ್ರಬಂಧ ಬರೆಯಬೇಕಿತ್ತು. ನನಗೆ ಮಾರ್ಗದರ್ಶನ ಮಾಡಲು ಒಬ್ಬ ಹಿರಿಯ ಮೇಷ್ಟ್ರು ಸಿಕ್ಕಿದರು. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದವರು. ಅವರೇ ವಿಷಯ ಕೊಟ್ಟರು. ಬಿಳಿಯರ ಆಳ್ವಿಕೆ ಜೋರಾಗಿದ್ದ ಕಾಲದಲ್ಲಿ ಬರೆದ ಒಂದು ಇಂಗ್ಲಿಷ್ ಕಾದಂಬರಿ, ಅದರಲ್ಲಿ ಬೆಳಕು ಮತ್ತು ಕತ್ತಲಿನ ಸಂಕೇತಗಳು.

"ಸುಲಭ ಇದೆಯಮ್ಮ," ಅಂದರು. "ಪುಟದ ಮಧ್ಯೆ ಒಂದು ಗೀಟು ಹಾಕಿ. ಈ ಕಡೆ ಬೆಳಕು, ಆ ಕಡೆ ಕತ್ತಲು. ಬೆಳಕು ಅಂದರೆ ಜ್ಞಾನ, ನಾಗರಿಕತೆ. ಕತ್ತಲು ಅಂದರೆ ಅಜ್ಞಾನ, ಭಯ. ಎಲ್ಲೆಲ್ಲಿ ಬರುತ್ತೋ ಹುಡುಕಿ ತುಂಬಿಸಿ. ಮುಗಿಯಿತು."

ಕಾದಂಬರಿಯ ಕಥೆ ದೊಡ್ಡದಲ್ಲ. ಒಬ್ಬ ಎಳೆ ವಯಸ್ಸಿನ ಬಿಳಿಯ ಅಧಿಕಾರಿ ಕಾಡಿನ ನಾಡೊಂದಕ್ಕೆ ಗಡಿ ಅಳೆಯಲು ಬರುತ್ತಾನೆ. ಅವನಿರುವುದು ಸುಣ್ಣ ಬಳಿದ ಬಂಗಲೆ, ಜಗಲಿಯಲ್ಲಿ ಸದಾ ಉರಿಯುವ ದೀಪ. ಜಗಲಿಯಿಂದಾಚೆಗೆ ಬರೀ ಕಪ್ಪು ಕಾಡು. ಅಲ್ಲಿಯ ಜನ ನೆರಳಿನ ಹಾಗೆ ಬರುತ್ತಾರೆ, ನೆರಳಿನ ಹಾಗೆ ಹೋಗುತ್ತಾರೆ, ಮಾತಿಲ್ಲ. ಅಳೆಯಲು ಹೋಗುವಾಗ ಆ ಜನರಲ್ಲೇ ಒಬ್ಬ ಲಾಟೀನು ಹಿಡಿದು ಮುಂದೆ ನಡೆಯುತ್ತಾನೆ. ಒಂದು ಸಂಜೆ ಹಳ್ಳ ದಾಟುವಾಗ ಲಾಟೀನು ನೀರಿಗೆ ಬಿದ್ದುಹೋಗುತ್ತದೆ. ಕತ್ತಲಲ್ಲಿ ಅಧಿಕಾರಿ ಜೀವಭಯದಿಂದ ಸದ್ದು ಬಂದ ಕಡೆಗೆ ಗುಂಡು ಹಾರಿಸುತ್ತಾನೆ. ಗುಂಡು ತಗಲಿ ಸಾಯುವುದು ಲಾಟೀನಿನವನು. ಬೆಳಿಗ್ಗೆ ಹೇಗೋ ಬಂಗಲೆ ಸೇರಿದ ಅಧಿಕಾರಿ, ದೀಪದ ಕೆಳಗೆ ಕುಳಿತು, ದಾರಿ ತೋರುವವನು ಓಡಿಹೋದ ಎಂದು ವರದಿ ಬರೆಯುತ್ತಾನೆ. ಕತ್ತಲು ಇದ್ದದ್ದು ಕಾಡಿನಲ್ಲಲ್ಲ, ಅವನ ಎದೆಯೊಳಗೆ ಎಂಬುದು ಪುಸ್ತಕದ ತಿರುಳು. ನಾನು ಗೀಟು ಹಾಕಿದೆ. ಎರಡೂ ಕಡೆ ತುಂಬಿಸುತ್ತಾ ಹೋದೆ.

ಅಷ್ಟರಲ್ಲಿ ಸೊಪ್ಪು ಮುರಿಯುವ ಕಾಲ ಬಂತು. ನನ್ನ ಗಂಡ ಹೆದರಿದ್ದೇ ಆಯಿತು.

ಹೊಲದಿಂದ ಹಸಿ ಸೊಪ್ಪು ಟ್ರ್ಯಾಕ್ಟರಿನಲ್ಲಿ ಬಂದು ಬೀಳುತ್ತದೆ. ಬ್ಯಾರನ್ನಿನ ಮುಂದಿನ ಚಪ್ಪರದಲ್ಲಿ ಹೆಂಗಸರೆಲ್ಲ ಸಾಲಾಗಿ ಕುಳಿತು ಎರಡು ಮೂರು ಎಲೆ ಸೇರಿಸಿ ಉದ್ದನೆಯ ಕಡ್ಡಿಗೆ ದಾರದಿಂದ ಕಟ್ಟುತ್ತಾ ಹೋಗಬೇಕು. ಸಂಜೆಯೊಳಗೆ ಮುಗಿಯದಿದ್ದರೆ ಸೊಪ್ಪು ರಾಶಿಯಲ್ಲೇ ಬಿಸಿಯಾಗಿ ಕೆಡುತ್ತದೆ. ಕಟ್ಟುವವರಲ್ಲಿ ನಮ್ಮ ಅತ್ತೆಯದೇ ಮುಂದಾಳ್ತನ. ಎಪ್ಪತ್ತು ದಾಟಿದ್ದರೂ ಅವರ ಕಡ್ಡಿ ಮುಗಿದ ಮೇಲೆಯೇ ಉಳಿದವರದು. ಊರಿನ ಮೂರು ನಾಲ್ಕು ಹೆಂಗಸರ ಜೊತೆಗೆ ಎಚ್.ಡಿ. ಕೋಟೆ ಕಡೆಯ ಹಾಡಿಯೊಂದರಿಂದ ಒಬ್ಬ ಅಕ್ಕ ಪ್ರತಿ ವರ್ಷ ಬರುತ್ತಿದ್ದರು. ಹಾಡಿ ಅಂದರೆ ಕಾಡಂಚಿನ ಬುಡಕಟ್ಟಿನವರ ಊರು. ಸುಗ್ಗಿ ಮುಗಿಯುವ ತನಕ ನಮ್ಮ ಹಿತ್ತಲಿನ ಕೋಣೆಯಲ್ಲೇ ಇರುತ್ತಿದ್ದರು. ಐವತ್ತರ ಆಸುಪಾಸು. ಮಾತು ಕಡಿಮೆ, ನಗು ಜಾಸ್ತಿ.

ಮೊದಲ ದಿನ ನಾನು ಪುಸ್ತಕವನ್ನು ತೊಡೆಯ ಪಕ್ಕದಲ್ಲಿ ತೆರೆದಿಟ್ಟುಕೊಂಡು ಕಟ್ಟುತ್ತಿದ್ದೆ. ಕಣ್ಣು ಅಲ್ಲಿ, ಕೈ ಇಲ್ಲಿ. ಕಟ್ಟಿದ ಎಲೆಗಳು ಸಡಿಲವಾಗಿ ಜಾರಿ ಬೀಳುತ್ತಿದ್ದವು.

"ಅದೇನವ್ವ ಅದು, ಒಬ್ಳೇ ಓದ್ಕತಿದ್ದೀಯ," ಅಂದರು ಅತ್ತೆ. "ಕಡ್ಡಿ ನೋಡು ಎಂಗದೆ ಅಂತ. ಓದಂಗಿದ್ರೆ ನಮ್ಗೂ ಕೇಳಂಗೆ ಏಳು. ಇಲ್ಲ ಮುಚ್ಚಿಕ್ಕು."

ಹೀಗೆ ಕಥೆ ಹೇಳುವುದು ಶುರುವಾಯಿತು. ಬೆಳಿಗ್ಗೆ ನಾಲ್ಕು ಪುಟ ಓದಿಕೊಂಡು ಹೋಗಿ ಮಧ್ಯಾಹ್ನ ಚಪ್ಪರದಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೆ. ಬಂಗಲೆ, ದೀಪ, ಕಾಡು. ಅವರಿಗೆ ಹಿಡಿಸಿಬಿಟ್ಟಿತು. ಅಧಿಕಾರಿ ಕಾಡಿಗೆ ಕಾಲಿಡುವ ದಿನ ಊರಿನ ಇಬ್ಬರು ಹೆಂಗಸರು ಬೇರೆ ಹೊಲದ ಕೂಲಿ ಬಿಟ್ಟು ನಮ್ಮಲ್ಲಿಗೇ ಬಂದರು. ಅತ್ತೆಗೆ ಖುಷಿ. ಕೆಲಸಕ್ಕೆ ಜನ ಸಿಗದ ಕಾಲದಲ್ಲಿ ಇಂಗ್ಲಿಷ್ ಎಂ.ಎ.ಯಿಂದ ಮನೆಗೆ ಆದ ಮೊದಲ ಉಪಕಾರ ಅದು.

ಹಸಿ ಸೊಪ್ಪು ಕಟ್ಟಿದರೆ ಅದರ ಅಂಟು ಕೈಗೆಲ್ಲ ಮೆತ್ತಿಕೊಂಡು ಕಪ್ಪಗೆ ಗಟ್ಟಿಯಾಗುತ್ತದೆ. ಹುಣಸೆಹಣ್ಣು ಹಾಕಿ ಉಜ್ಜಿದರೂ ಪೂರ್ತಿ ಹೋಗುವುದಿಲ್ಲ. ನಾನು ಸಂಕೇತಗಳ ವಿಷಯ ಹೇಳಿದ ದಿನ ಎಲ್ಲರ ಕೈಯೂ ಮೊಣಕೈವರೆಗೆ ಕಪ್ಪಾಗಿತ್ತು.

"ಈ ಕಥೆಯಲ್ಲಿ ಬಿಳಿ ಅಂತ ಬಂದರೆ ಒಳ್ಳೇದು, ಕಪ್ಪು ಅಂತ ಬಂದರೆ ಕೆಟ್ಟದ್ದು," ಎಂದು ಮೇಷ್ಟ್ರ ಧಾಟಿಯಲ್ಲಿ ವಿವರಿಸಿದೆ. "ಬಂಗಲೆ ಬಿಳಿ, ಅವನ ಬಟ್ಟೆ ಬಿಳಿ. ಕಾಡು ಕಪ್ಪು, ಜನ ಕಪ್ಪು."

ಅತ್ತೆ ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸಿ ಕಡ್ಡಿಯನ್ನು ಪಕ್ಕಕ್ಕಿಟ್ಟರು. ಹೊಸ ಕಡ್ಡಿ ತೆಗೆದುಕೊಳ್ಳಲಿಲ್ಲ.

"ನನ್ನ ನೋಡಕ್ಕೆ ಬಂದಿದ್ದು ಎಂಗೆ ಗೊತ್ತಾ ನಿಂಗೆ?" ಅಂದರು.

ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿದ್ದರೂ ನನಗೆ ಗೊತ್ತಿರಲಿಲ್ಲ.

"ಬೆಳಗ್ಗೆ ಬತ್ತೀವಿ ಅಂದಿದ್ರು ನಿಮ್ಮ ಮಾವನ ಮನೆಯೋರು. ನಮ್ಮಪ್ಪ, ಬ್ಯಾಡ, ದೀಪ ಅಚ್ಚೋ ಒತ್ಗೆ ಬನ್ನಿ, ಆಗ ಗಳಿಗೆ ಚೆನ್ನಾಗದೆ ಅಂತ ಏಳಿ ಕಳ್ಸುದ್ರು. ಗಳಿಗೇನೂ ಇಲ್ಲ ಎಂತದೂ ಇಲ್ಲ. ನಾನು ಕಪ್ಪಲ್ವಾ. ಮೊಕಕ್ಕೆ ಪೌಡ್ರು ಬಳ್ದು, ಎಣ್ಣೆ ದೀಪದ ಪಕ್ಕ ಕೂರ್ಸುದ್ರು. ದೀಪದಲ್ಲಿ ಯಾರಾದ್ರೂ ಬೆಳ್ಳುಗೇ ಕಾಣ್ತಾರೆ."

"ಆಮೇಲೆ?" ಕೇಳಿದ್ದು ಹಾಡಿಯ ಅಕ್ಕ.

"ನಿಮ್ಮ ಮಾವನ ಅಜ್ಜಿ ಇದ್ಲಲ್ಲ, ಅವ್ಳು ಬುಡ್ಲಿಲ್ಲ. ನನ್ನ ಕೈ ಇಡ್ಕಂಡು ದನದ ಕೊಟ್ಟಿಗೆ ಮುಂದಕ್ಕೆ ಎಳ್ಕಂಡೋದ್ಲು. ಅಲ್ಲಿನ್ನೂ ಒಸಿ ಬೆಳಕಿತ್ತು. ಸೆರಗಲ್ಲಿ ಕೆನ್ನೆ ಒರ್ಸುದ್ಲು. ಪೌಡ್ರೆಲ್ಲ ಸೆರಗ್ಗೆ ಬಂತು. ನೋಡುದ್ಲು, ನೋಡುದ್ಲು. ಒಳಕ್ಕೆ ಓಗಿ ಏಳುದ್ಲು, ಹುಡುಗಿ ಕಪ್ಪು ಕಣ್ಲಾ, ಆದ್ರೆ ದನಗಳು ಅವ್ಳ ಕಂಡು ಎದ್ದು ನಿಂತ್ಕಂಡವೆ, ಒಪ್ಕಳಿ ಅಂತ."

ಚಪ್ಪರವೆಲ್ಲ ನಕ್ಕಿತು. ಅತ್ತೆಯೂ ನಕ್ಕರು. ನಗು ನಿಂತ ಮೇಲೆ ನನ್ನ ಕಡೆ ತಿರುಗಿ, "ಅಷ್ಟಾದ್ರೂ ನಂಗೆ ಬುದ್ಧಿ ಬರ್ನಿಲ್ಲ ನೋಡು," ಅಂದರು. "ಮಗನ್ಗೆ ಬಿಳೀ ಹುಡುಗೀನೇ ಬೇಕು ಅಂತ ಮಿರ್ಲೆ ಗಂಟ ಓಗಿ ನಿನ್ನ ತಂದ್ಕಂಡೆ. ಮೊಮ್ಮಗ್ಳು ನನ್ನಂಗೇ ಉಟ್ಟುದ್ಲು."

ಮಗಳು ಆಗ ಕಾಲೇಜಿನಿಂದ ಬಂದು ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದಳು. ನನಗೆ ಅವಳ ಮುಖ ನೋಡಲು ಆಗಲಿಲ್ಲ. ಅವಳು ಚಿಕ್ಕವಳಿದ್ದಾಗ ಪ್ರತಿ ಭಾನುವಾರ ಕಡಲೆಹಿಟ್ಟಿಗೆ ಕೆನೆ ಕಲಸಿ ಅವಳ ಮುಖಕ್ಕೆ, ಕುತ್ತಿಗೆಗೆ ಹಚ್ಚಿ ಒಣಗುವ ತನಕ ಕೂರಿಸುತ್ತಿದ್ದವಳು ನಾನು. ಚರ್ಮಕ್ಕೆ ಒಳ್ಳೆಯದು ಅನ್ನುತ್ತಿದ್ದೆ. ಯಾಕೆ ಹಚ್ಚುತ್ತಿದ್ದೆ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ನನ್ನ ನೋಟ್‌ಬುಕ್ಕಿನಲ್ಲಿ ಹಾಕಿದ ಗೀಟನ್ನು ನಾನು ಅವಳ ಕೆನ್ನೆಯ ಮೇಲೆ ಎಷ್ಟೋ ವರ್ಷ ಮೊದಲೇ ಹಾಕಿದ್ದೆ.

ಅವತ್ತು ಸಂಜೆ ಹಿತ್ತಲಲ್ಲಿ ಕೈ ತೊಳೆಯುವಾಗ ಅವಳಿಗೆ ಹೇಳಿದೆ. "ಕಡಲೆಹಿಟ್ಟು ಹಚ್ಚುತ್ತಿದ್ದೆನಲ್ಲ, ಅದು ತಪ್ಪು ಕಣೆ. ಹಚ್ಚಬಾರದಿತ್ತು."

ಅವಳು ನನ್ನ ಕೈಗೆ ಚೊಂಬಿನಿಂದ ನೀರು ಹುಯ್ಯುತ್ತಿದ್ದಳು. "ನೀನು ಆ ಕಡೆ ಹೋಗ್ತಿದ್ದಂಗೆ ನಾನು ತೊಳ್ಕೊಂಡು ಬಿಡ್ತಿದ್ದೆ, ಅಮ್ಮ. ಆಮೇಲೆ ನೀನು ಬಂದು, ನೋಡು ಎಷ್ಟು ಬಣ್ಣ ಬಂದಿದೆ ಅಂತಿದ್ದೆ," ಅಂದಳು. ಇಬ್ಬರೂ ಚೊಂಬು ಬೀಳುವಷ್ಟು ನಕ್ಕೆವು. ಆದರೂ ಆ ರಾತ್ರಿ ಅವಳಿಗೆ ಇಷ್ಟವಾದ ಒಬ್ಬಟ್ಟು ಮಾಡಿದೆ. ಹಬ್ಬ ಇಲ್ಲದೆ ಒಬ್ಬಟ್ಟು ಯಾಕೆ ಎಂದು ನನ್ನ ಗಂಡ ಕೇಳಿದರು; ಮಗಳು ಅವರ ತಟ್ಟೆಗೆ ಇನ್ನೊಂದು ಹಾಕಿದಳು.

ಕಥೆ ಮುಂದುವರಿಯಿತು. ಲಾಟೀನು ಹಳ್ಳಕ್ಕೆ ಬೀಳುವ ಭಾಗಕ್ಕೆ ಬಂದಾಗ ನಾನು ಸ್ವಲ್ಪ ನಾಟಕೀಯವಾಗಿಯೇ ಹೇಳಿದೆ. ಬೆಳಕು ಹೋಯಿತು, ಸುತ್ತ ಕಗ್ಗತ್ತಲು, ಅಧಿಕಾರಿಯ ಎದೆ ಡವಗುಟ್ಟುತ್ತಿದೆ. ಊರಿನ ಹೆಂಗಸರು ಕೈ ನಿಲ್ಲಿಸಿ ಕೇಳುತ್ತಿದ್ದರು. ಹಾಡಿಯ ಅಕ್ಕ ಮಾತ್ರ ಮುಖ ತಗ್ಗಿಸಿಕೊಂಡು ನಗುತ್ತಿದ್ದರು.

"ಯಾಕಕ್ಕ?" ಅಂದೆ.

"ಕಾಡಿಗೆ ಯಾರಾದ್ರೂ ಲಾಟೀನು ತಕ್ಕೋಯ್ತಾರಾ, ಅವ್ವ? ಲಾಟೀನು ಇಡ್ಕಂಡೋನ್ಗೆ ಅವನ ಪಾದ ಕಾಣ್ತದೆ ಅಷ್ಟೆಯ. ಅದ್ರಾಚ್ಗೆ ಇನ್ನೂ ಕಪ್ಪಾಗ್ತದೆ. ಆದ್ರೆ ಆನೆಗೆ ಇವ್ನು ಚೆನ್ನಾಗಿ ಕಾಣ್ತಾನೆ."

ನನ್ನ ಕೈಯಲ್ಲಿದ್ದ ದಾರ ಹಾಗೇ ನಿಂತಿತು.

"ಮತ್ತೆ ಆ ಲಾಟೀನಿನವನು ಯಾಕೆ ಹಿಡಿದಿದ್ದ?"

"ಸಾಹೇಬ್ನಿಗೆ ಬೇಕಲ್ಲ. ಮುಂದೆ ಓಗೋನ ಬೆನ್ನು ಕಾಣ್ಲಿ ಅಂತ ಇಡ್ಸಿರ್ತಾನೆ. ನಮ್ಮ ತಾತನೂ ಅಂಗೇ ಇಡೀತಿದ್ನಂತೆ. ಹಳೇ ಕಾಲ್ದಲ್ಲಿ ಸಾಹೇಬ್ರು ಬಂದ್ರೆ ಮುಂದೆ ನಡೆಯಕ್ಕೆ ತಾತನ್ನೇ ಕರೀತಿದ್ರು. ತಾತನ್ಗೆ ಅದ್ರಿಂದ ಕಣ್ಣು ಕೋರೈಸಿ ದಾರಿ ತಪ್ತಿತ್ತಂತೆ. ಅದ್ಕೇ ಬತ್ತಿ ಇಳ್ಸಿ ಇಳ್ಸಿ ಇಡೋನಂತೆ. ಸಾಹೇಬ ಏರ್ಸು ಅನ್ನೋನು, ಇವ್ನು ಇಳ್ಸೋನು."

ಅತ್ತೆಗೆ ಕಥೆಯದೇ ಚಿಂತೆ. "ಆ ಪುಸ್ತಕದೋನ ಎಸರೇನವ್ವ, ಲಾಟೀನು ಇಡ್ದೋನ್ದು?"

ನಾನು ಪುಟ ತಿರುವಿದೆ. ಹಿಂದಕ್ಕೆ ಹೋದೆ, ಮುಂದಕ್ಕೆ ಬಂದೆ. ಅಧಿಕಾರಿಗೆ ಹೆಸರಿತ್ತು, ಅವನ ನಾಯಿಗೆ ಹೆಸರಿತ್ತು, ಅವನು ಊರಿನಲ್ಲಿ ಬಿಟ್ಟುಬಂದ ಕುದುರೆಗೂ ಹೆಸರಿತ್ತು. "ಅವನಿಗೆ ಹೆಸರಿಲ್ಲ, ಅತ್ತೆ," ಅಂದೆ.

"ನಿಮ್ಮ ತಾತನ್ನ ಏನಂತ ಕರೀತಿದ್ರು ಸಾಹೇಬ್ರು?" ಅತ್ತೆ ಅಕ್ಕನನ್ನು ಕೇಳಿದರು.

"ಏಯ್ ಅನ್ನೋರಂತೆ," ಅಂದರು ಅಕ್ಕ. ಆಮೇಲೆ ತಾತನ ಹೆಸರು ಹೇಳಿದರು, ಅದೂ ಎರಡು ಸಲ, ನಾವೆಲ್ಲ ಸರಿಯಾಗಿ ಕೇಳಿಸಿಕೊಂಡೆವೆ ಎಂದು ನೋಡಿಕೊಂಡು.

ಆ ದಿನ ಕೆಲಸ ಮುಗಿದಾಗ ಏಳು ಗಂಟೆ. ಬ್ಯಾರನ್ನಿನಿಂದ ಮನೆಗೆ ಹೊಲದ ಬದುವಿನ ಮೇಲೆ ಹತ್ತು ನಿಮಿಷದ ದಾರಿ. ಕರೆಂಟು ಹೋಗಿತ್ತು. ನಾನು ಎಂದಿನಂತೆ ಫೋನಿನ ಟಾರ್ಚು ಹಾಕಿದೆ. ಹಿಂದೆ ಬರುತ್ತಿದ್ದ ಅಕ್ಕ, "ಅದ ಆರ್ಸು, ಅವ್ವ. ಒಸಿ ನಿಂತ್ಕೊ," ಅಂದರು.

ಆರಿಸಿದೆ. ಮೊದಲು ಏನೂ ಕಾಣಲಿಲ್ಲ. ಹಾವಿನ ನೆನಪು ಬಂದು ಕಾಲು ಎತ್ತಿ ಎತ್ತಿ ಇಟ್ಟೆ. "ನಿಂತ್ಕೊ ಅಂದ್ನಲ್ಲ," ಅಂದರು ಅಕ್ಕ, ಮಕ್ಕಳಿಗೆ ಹೇಳುವ ಹಾಗೆ. ನಿಂತೆ. ನಿಧಾನಕ್ಕೆ ಬದುವಿನ ಹುಲ್ಲು ಬೇರೆ, ತುಳಿದ ದಾರಿ ಬೇರೆ ಆಗುತ್ತಾ ಬಂತು. ತುಳಿದ ಮಣ್ಣು ಬೂದಿ ಬಣ್ಣದಲ್ಲಿ ಮುಂದಕ್ಕೆ ಹರಿದಿತ್ತು. ಕೆರೆಯ ನೀರು ಗೆರೆಯಂತೆ ಹೊಳೆಯಿತು. ಬೇಲಿಯ ಆಚೆ ಪಕ್ಕದ ಹೊಲದವರ ಎತ್ತು ಮೇಯುತ್ತಿದ್ದುದು ಕಂಡಿತು. ಬದುವಿನಂಚಿನಲ್ಲಿ ನಾವು ನೆಟ್ಟು ಮರೆತಿದ್ದ ಸೀಬೆ ಗಿಡ ನನ್ನ ಎತ್ತರಕ್ಕೆ ಬೆಳೆದು ನಿಂತಿತ್ತು. ಇಪ್ಪತ್ತೆರಡು ವರ್ಷ ಈ ದಾರಿಯಲ್ಲಿ ಒಂದು ಬೆಳಕಿನ ಚಕ್ರದೊಳಗೆ ನನ್ನ ಚಪ್ಪಲಿಗಳನ್ನೇ ನೋಡಿಕೊಂಡು ನಡೆದಿದ್ದೆ.

ಹಾವು ಬಂದರೆ ಏನು ಮಾಡುವುದು ಅಂತಲೂ ಕೇಳಿದೆ. ಅಕ್ಕ ಕಾಲನ್ನು ನೆಲಕ್ಕೆ ಧಪ್ ಎಂದು ಬಡಿದು ತೋರಿಸಿದರು. ಮನೆಯವರೆಗೂ ಇಬ್ಬರೂ ಧಪ್ ಧಪ್ ಅಂತ ಬಡಿಯುತ್ತಾ ಹೋದೆವು. ಜಗಲಿಯಲ್ಲಿದ್ದ ನನ್ನ ಗಂಡ, "ಯಾರು ಬಂದಿದ್ದು, ಎಮ್ಮೆನಾ?" ಅಂದರು.

ಊಟಕ್ಕೆ ಕುಳಿತಾಗ ನಾನು ಈ ಬೆಳಕು ಕತ್ತಲಿನ ವಿಷಯವನ್ನೇ ಮಾತಾಡುತ್ತಿದ್ದೆ. ಅಷ್ಟು ದಿನ ನನ್ನ ಓದಿನ ಬಗ್ಗೆ ತುಟಿ ಬಿಚ್ಚದಿದ್ದ ಗಂಡ ಮುದ್ದೆ ಮುರಿಯುತ್ತಾ, "ಸೊಪ್ಪಿಗೆ ಬಣ್ಣ ಬರೋದು ಎಲ್ಲಿ?" ಅಂದರು. "ಬಿಸಿಲಲ್ಲಿ ಇಟ್ರೆ ಹಸಿರಿಗೇ ಒಣಗಿ ಹೋಯ್ತದೆ. ಬ್ಯಾರನ್ ಬಾಗಿಲು ಮುಚ್ಚಿ, ಕತ್ತಲಲ್ಲಿ ಬೆಚ್ಚಗೆ ಇಟ್ರೇ ಅದು ಹಳದಿ ಆಗೋದು. ಅವಸರ ಪಟ್ಟು ಬಾಗಿಲು ತೆಗೆದ್ರೆ ಹೋಯ್ತು. ಅದನ್ನೂ ಬರ್ಕೊ." ಸಾಹಿತ್ಯ ವಿಮರ್ಶೆಗೆ ನನ್ನ ಗಂಡನ ಕೊಡುಗೆ ಇದೊಂದೇ. ನಾನು ಎದ್ದು ಕೈ ತೊಳೆದು ಬರೆದುಕೊಂಡೆ.

ಮರುದಿನ ಚಪ್ಪರದಲ್ಲಿ ಕೊನೆಯ ಭಾಗ ಹೇಳಿದೆ. ಗುಂಡು, ಸಾವು, ಸುಳ್ಳು ವರದಿ. ಹಾಡಿಯ ಅಕ್ಕ ಕೇಳಿದರು. "ಅವ್ನ ಎಂಡ್ತಿ ಮಕ್ಳು ಉಡುಕ್ಕಂಡು ಬರ್ನಿಲ್ವಾ?"

"ಪುಸ್ತಕದಲ್ಲಿ ಇಲ್ಲ, ಅಕ್ಕ."

"ಬಂದಿರ್ತಾರೆ ಬುಡು," ಅಂದರು ಅಕ್ಕ. "ಬರ್ದೋನ್ಗೆ ಕಂಡಿರಕ್ಕಿಲ್ಲ. ದೀಪದ ಕೆಳ್ಗೆ ಕೂತಿದ್ನಲ್ಲ."

ಗೀಟು ಹಾಕಿ ಎರಡು ಕಡೆ ತುಂಬಿಸಿದ್ದ ಹಾಳೆಗಳನ್ನು ನಾನು ಆ ವಾರ ಪಕ್ಕಕ್ಕಿಟ್ಟೆ. ಹೊಸದಾಗಿ ಬರೆದೆ. ಈ ಕಾದಂಬರಿಯಲ್ಲಿ ದೀಪ ಏನನ್ನು ತೋರಿಸುತ್ತದೆ ಎನ್ನುವುದರ ಜೊತೆಗೆ ಅದು ಏನನ್ನು ಕಾಣದಂತೆ ಮಾಡುತ್ತದೆ ಎಂದು ಒಂದೊಂದೇ ಸಂದರ್ಭ ಹಿಡಿದು ನೋಡುತ್ತಾ ಹೋದೆ. ದೀಪ ಉರಿಯುವಾಗಲೆಲ್ಲ ಕಾಡಿನ ಜನ ನೆರಳಾಗುತ್ತಿದ್ದರು. ಇಡೀ ಪುಸ್ತಕದಲ್ಲಿ ಅವರ ಮುಖದ ವರ್ಣನೆ ಬರುವುದು ಒಂದೇ ಕಡೆ, ಲಾಟೀನು ನೀರಿಗೆ ಬಿದ್ದ ಮೇಲೆ, ಗುಂಡು ಹಾರುವ ಮೊದಲು. ಆ ಎರಡು ಸಾಲು ನಾಲ್ಕು ಸಲ ಓದಿದ್ದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಬರೆದದ್ದನ್ನು ಹಿಡಿದು ಮೈಸೂರಿಗೆ ಹೋದೆ. ಮೇಷ್ಟ್ರು ಕನ್ನಡಕ ಇಳಿಸಿಕೊಂಡು ಓದಿದರು. ಅರ್ಧಕ್ಕೆ ಬಂದು ಒಂದು ಸಾಲಿನ ಮೇಲೆ ಪೆನ್ನು ಇಟ್ಟರು.

"ಲಾಟೀನು ಹಿಡಿದವನಿಗೆ ಅವನ ಪಾದ ಮಾತ್ರ ಕಾಣುತ್ತದೆ. ಚೆನ್ನಾಗಿದೆ. ಇದಕ್ಕೆ ಆಕರ ಯಾವುದು? ಯಾವ ವಿಮರ್ಶಕರು ಹೇಳಿದ್ದು?"

"ನಮ್ಮ ಸೊಪ್ಪು ಕಟ್ಟೋ ಚಪ್ಪರದಲ್ಲಿ ಹೇಳಿದ್ದು, ಸರ್."

ಅವರು ನನ್ನನ್ನೇ ನೋಡಿದರು. ನಾನು ಹಾಡಿಯ ಅಕ್ಕನ ವಿಷಯ, ತಾತನ ವಿಷಯ ಎಲ್ಲ ಹೇಳಿದೆ. ಅತ್ತೆಯ ಪೌಡರಿನ ಕಥೆಯೂ ಬಾಯಿ ತಪ್ಪಿ ಬಂತು. ಮೇಷ್ಟ್ರು ನಗು ತಡೆಯಲಾಗದೆ ಕನ್ನಡಕ ತೆಗೆದರು. ಅವರ ಮದುವೆ ಫೋಟೊದಲ್ಲಿ ಸ್ಟುಡಿಯೋದವನು ಅವರ ಮುಖವನ್ನು ತಿದ್ದಿ ಎಷ್ಟು ಬೆಳ್ಳಗೆ ಮಾಡಿದ್ದನೆಂದರೆ ಅವರ ತಾಯಿಯೇ, ಇದ್ಯಾರು ನಮ್ಮ ಸೊಸೆ ಪಕ್ಕದಲ್ಲಿ ಅಂತ ಕೇಳಿದ್ದರಂತೆ. ಆಮೇಲೆ ಗಂಭೀರವಾಗಿ ಅಂದರು. "ಅಡಿಟಿಪ್ಪಣಿ ಹಾಕಿ. ಯಾರು ಹೇಳಿದ್ದು, ಯಾವ ಊರು. ಆದರೆ ಅವರನ್ನ ಕೇಳದೆ ಹೆಸರು ಹಾಕಬೇಡಿ."

ಕೇಳಿದೆ. ಸುಗ್ಗಿ ಮುಗಿದು ಅಕ್ಕ ಊರಿಗೆ ಹೊರಡುವ ಮುಂಚಿನ ದಿನ. ಅವರು ಬಟ್ಟೆ ಗಂಟು ಕಟ್ಟುತ್ತಿದ್ದರು. ನಿಮ್ಮ ಮಾತು ನನ್ನ ಪುಸ್ತಕದಲ್ಲಿ ಬರುತ್ತದೆ, ನಿಮ್ಮ ಹೆಸರು ಹಾಕಲಾ ಅಂದೆ. ಅವರು ಗಂಟನ್ನು ಇನ್ನಷ್ಟು ಬಿಗಿ ಮಾಡಿದರು.

"ನಂದು ಬ್ಯಾಡ. ಆಧಾರ್ ಕಾರ್ಡಲ್ಲಿ ಒಂದು, ರೇಷನ್ ಕಾರ್ಡಲ್ಲಿ ಒಂದು ಬರ್ದವ್ರೆ, ನೀನು ಇನ್ನೊಂದು ಬರೀತೀಯ. ನಮ್ಮ ತಾತಂದು ಆಕು. ಅವ್ನು ಏಳ್ಕೊಟ್ಟಿದ್ದೇ ಅದು."

ಬಾಗಿಲಲ್ಲಿ ನಿಂತಿದ್ದ ಅತ್ತೆ, "ನಂದೂ ಆಕು," ಅಂದರು. "ಲಾಟೀನಿನೋನ ಎಸರೇನು ಅಂತ ಮೊದ್ಲು ಕೇಳಿದ್ದು ನಾನು." ಅದು ನಿಜ. ಎರಡೂ ಹಾಕಿದೆ. ಅವರು ಒಪ್ಪಿದ್ದು ಆ ಪ್ರಬಂಧಕ್ಕೆ ಮಾತ್ರವಾದ್ದರಿಂದ ಇಲ್ಲಿ ಬರೆಯುವುದಿಲ್ಲ.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕಿಯೊಬ್ಬರು ಇದ್ದರು. ಹತ್ತಿಯ ಸೀರೆ, ಚುರುಕು ಕಣ್ಣು. ನಾನು ಕೈಗಳನ್ನು ಸೆರಗಿನ ಕೆಳಗೆ ಮುಚ್ಚಿಕೊಂಡೆ. ಉಗುರಿನ ಸಂದಿಯ ಕಪ್ಪು ಇನ್ನೂ ಹೋಗಿರಲಿಲ್ಲ. ಅವರು ಇಂಗ್ಲಿಷಿನಲ್ಲಿ ಕೇಳಿದರು. ಹಾಗಾದರೆ ಈ ಕಾದಂಬರಿ ನಿಮಗೆ ಇಷ್ಟವಿಲ್ಲವೇ, ಇದನ್ನು ಓದುವುದು ಬಿಡಬೇಕೇ ಅಂತ.

ನಾನು ಇಂಗ್ಲಿಷಿನಲ್ಲಿ ಎರಡು ವಾಕ್ಯ ಹೇಳಿ ಮೂರನೆಯದರ ನಡುವೆ ಸಿಕ್ಕಿಕೊಂಡೆ. "ಪರವಾಗಿಲ್ಲ, ಕನ್ನಡದಲ್ಲೇ ಹೇಳಿ," ಅಂದರು.

"ಇಷ್ಟ, ಮೇಡಂ," ಅಂದೆ. "ಇಷ್ಟ ಇಲ್ಲದಿದ್ದರೆ ಹತ್ತು ದಿನ ಕೂತು ಹೇಳೋಕೆ ಆಗ್ತಿರಲಿಲ್ಲ. ಕೇಳಿದವರು ಯಾರೂ ಎದ್ದು ಹೋಗಲಿಲ್ಲ. ಕತ್ತಲು ಆ ಅಧಿಕಾರಿಯ ಒಳಗಿದೆ ಅಂತ ಕಂಡುಕೊಂಡವರು ಬರೆದವರೇ, ಅದು ಸಣ್ಣ ಮಾತಲ್ಲ. ಆದರೆ ಅಷ್ಟು ಕಂಡವರಿಗೂ ದೀಪ ಉರಿಯುವ ತನಕ ಮುಂದೆ ನಡೆಯುತ್ತಿದ್ದವನ ಬೆನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ನಾನೂ ಹಾಗೇ ಓದಿದ್ದೆ. ನನ್ನ ಪಕ್ಕದಲ್ಲಿ ಸೊಪ್ಪು ಕಟ್ಟುತ್ತಿದ್ದವರು ಕೇಳದೇ ಇದ್ದಿದ್ದರೆ ಹಾಗೇ ಬರೆದುಕೊಡುತ್ತಿದ್ದೆ."

ಪರೀಕ್ಷಕಿ ಸ್ವಲ್ಪ ಹೊತ್ತು ಏನೋ ಬರೆದುಕೊಂಡರು. ಆಮೇಲೆ ಕೇಳಿದ್ದು ಪಠ್ಯದ ಪ್ರಶ್ನೆಯಲ್ಲ. "ಆ ದನಗಳು ಎದ್ದು ನಿಂತಿದ್ದು ನಿಜಾನಾ?" ನಮ್ಮ ಮೇಷ್ಟ್ರು ಅವರಿಗೆ ಮೊದಲೇ ಹೇಳಿಬಿಟ್ಟಿದ್ದರು. ನಿಜ ಅಂದೆ. ನನಗೆ ಗೊತ್ತಿಲ್ಲ, ಆದರೆ ಅತ್ತೆ ಹೇಳಿದ್ದಾರೆ.

ಪಾಸಾದೆ. ಮೊದಲ ದರ್ಜೆ. ಫಲಿತಾಂಶವನ್ನು ಫೋನಿನಲ್ಲಿ ಮೊದಲು ನೋಡಿದವಳು ಮಗಳು. ಅವಳು ಪಿರಿಯಾಪಟ್ಟಣದ ಬಸ್ ನಿಲ್ದಾಣದಲ್ಲಿ ಇದ್ದಳು. ಪಕ್ಕದಲ್ಲಿ ನಿಂತಿದ್ದ ಯಾರಿಗೋ, ನಮ್ಮಮ್ಮ ಎಂ.ಎ. ಪಾಸು ಅಂದಳಂತೆ. ಅವರು ಅವಳಿಗೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟರಂತೆ.

ಮುಂದಿನ ಸುಗ್ಗಿಗೆ ಹಾಡಿಯ ಅಕ್ಕ ಬಂದಾಗ ರಟ್ಟು ಹಾಕಿಸಿದ ಪ್ರಬಂಧ ತೋರಿಸಿದೆ. ಅಡಿಟಿಪ್ಪಣಿಯ ಪುಟ ತೆಗೆದು, ಇಂಗ್ಲಿಷ್ ಅಕ್ಷರಗಳ ಪಕ್ಕದಲ್ಲಿ ಕನ್ನಡದಲ್ಲೂ ಬರೆದಿದ್ದ ತಾತನ ಹೆಸರಿನ ಮೇಲೆ ಬೆರಳಿಟ್ಟೆ. ಅವರಿಗೆ ಓದಲು ಬರುವುದಿಲ್ಲ. ಮಗಳು ಗಟ್ಟಿಯಾಗಿ ಓದಿದಳು. ಅಕ್ಕ, "ಇನ್ನೊಂದ್ ಸಲ ಓದವ್ವ," ಅಂದರು. ಓದಿದಳು. ಆಮೇಲೆ ಆ ಪುಟದ ಒಂದು ಜೆರಾಕ್ಸ್ ಬೇಕು, ತಮ್ಮನ ಮಗ ಶಾಲೆಗೆ ಹೋಗ್ತಾನೆ, ಅವನಿಗೆ ತೋರಿಸಬೇಕು ಅಂದರು. ರಾವಂದೂರಿನಲ್ಲಿ ಎರಡು ಪ್ರತಿ ತೆಗೆಸಿಕೊಟ್ಟೆ. ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿಸಿ.

ಆ ಮಧ್ಯಾಹ್ನ ಚಪ್ಪರದಲ್ಲಿ ಎಲ್ಲರೂ ಕೇಳಿದರೆಂದು ಮಗಳು ಪ್ರಬಂಧದ ಎರಡು ಪುಟವನ್ನು ಕನ್ನಡಕ್ಕೆ ತಿರುಗಿಸುತ್ತಾ ಓದಿದಳು. ಸಂಕೇತ, ವೈರುಧ್ಯ, ನಿರೂಪಕನ ದೃಷ್ಟಿಕೋನ. ಹೆಂಗಸರು ತಾಳ್ಮೆಯಿಂದ ಕೇಳಿದರು. ಒಬ್ಬರು ಆಕಳಿಸಿದರು.

"ಚೆನ್ನಾಗದೆ," ಅಂದರು ಅತ್ತೆ, ಮರ್ಯಾದೆಗೆ. ಆಮೇಲೆ ನನ್ನ ಕಡೆ ಬಾಗಿ, "ಆದ್ರೆ ನೀನು ಬಾಯಲ್ಲಿ ಏಳ್ದಾಗ ಇದ್ದಂಗೆ ಇಲ್ಲ ಕಣವ್ವ," ಅಂದರು.

ನಾನು ಒಪ್ಪಿಕೊಂಡೆ. ಅಷ್ಟರಲ್ಲಿ ಎರಡನೇ ಟ್ರ್ಯಾಕ್ಟರಿನ ಸೊಪ್ಪು ಬಂದು ಬಿತ್ತು, ಎಲ್ಲರೂ ಕಡ್ಡಿ ಎತ್ತಿಕೊಂಡೆವು.